ಕಾಲು ಊರದ ಯಲ್ಲಾಲಿಂಗ

ನಮ್ಮ ಬನಹಟ್ಟಿಯ ಓಣಿಯಲ್ಲಿ ಯಲ್ಲಾಲಿಂಗನ ಹೆಸರು ತೆಗೆದರೆ ಜನ ಇವತ್ತಿಗೂ ನಗುತ್ತಾರೆ. ನಲವತ್ತರ ಹೊಸ್ತಿಲಿಗೆ ಬಂದ ಗಂಡಸು, ತಲೆಗೆ ಗಡಿಗೆಯಂಥ ಹೆಲ್ಮೆಟ್ ಹಾಕಿಕೊಂಡು, ಸೀಟು ಕಿತ್ತ ಮೋಟಾರ್ ಸೈಕಲ್ಲಿನ ಮೇಲೆ ನಿಂತು ಬಂಡೆ ಹತ್ತುವುದನ್ನು ಕಲಿತನಲ್ಲ, ಅದಕ್ಕೆ. ನಗುವವರು ನಗಲಿ, ಅವರ ಬಾಯಿಗೆ ನಾನೇನು ಬೀಗ ಹಾಕಲೇ? ನನಗೆ ಮಾತ್ರ ಅವನ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಮರುಕ ಹುಟ್ಟುತ್ತದೆ.

ನಾನು ಶಂಕ್ರೆವ್ವ. ಗಂಡ ತೀರಿಕೊಂಡ ಮೇಲೆ ಮನೆಯ ಪವರ್‌ಲೂಮುಗಳನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ನಾವು ನೇಯ್ದ ಸೀರೆಗಳನ್ನು ವ್ಯಾಪಾರಿಯ ಅಂಗಡಿಗೆ ಮುಟ್ಟಿಸಿ, ಬರುವಾಗ ನೂಲಿನ ಚೀಲ ಹೇರಿಕೊಂಡು ಬರುವುದು ಯಲ್ಲಾಲಿಂಗನ ಕೆಲಸವಾಗಿತ್ತು. ಅವನದು ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪ ಕುರಿಗಳ ಹಿಂದೆ ಊರೂರು ತಿರುಗಿದ, ಮಗ ಮೋಟಾರ್ ಸೈಕಲ್ ಗಾಡಿ ಹಿಡಿದ. ಹಿಂದೆ ಆಳೆತ್ತರ ಗಂಟು ಕಟ್ಟಿಕೊಂಡು ಸಂದಿಗೊಂದಿಯಲ್ಲಿ ಬರುತ್ತಿದ್ದರೂ ಒಂದು ದಿನ ಒಂದು ಸೀರೆಗೆ ಮಣ್ಣು ಹತ್ತಿಸಿದವನಲ್ಲ. ಆಡುವುದು ಕಡಿಮೆ, ಹಟ ಜಾಸ್ತಿ. ಒಂದು ಸಲ ತಲೆಯಲ್ಲಿ ಏನಾದರೂ ಹೊಕ್ಕರೆ ಬ್ರಹ್ಮ ಬಂದು ಹೇಳಿದರೂ ಕೇಳುತ್ತಿರಲಿಲ್ಲ.

ಅವನ ಹೆಂಡತಿ ಮಾಲಾ. ಘಟಪ್ರಭೆಯ ಆಚೆ, ಬೀಳಗಿ ಕಡೆಯ ಹುಡುಗಿ. ಅವಳ ತವರೂರು ಆಣೆಕಟ್ಟಿನ ಹಿನ್ನೀರಿಗೆ ಹೋದದ್ದು. ಊರಿನವರೆಲ್ಲ ಮೇಲಿನ ದಿನ್ನೆಗೆ ಬಂದು ಹೊಸ ಮನೆ ಕಟ್ಟಿಕೊಂಡರು, ಡೊಳ್ಳು ಬಾರಿಸುತ್ತ ಬೀರಪ್ಪನನ್ನೂ ಹೊತ್ತು ತಂದರು. ಹಳೆಯ ಗುಡಿ ಮಾತ್ರ ನೀರಿನಲ್ಲೇ ಉಳಿಯಿತು. ಅಂದಿನಿಂದ ಆ ಊರಿನವರಿಗೆ ಒಂದು ರೂಢಿ. ಹೊಳೆಯ ಗಿಡ್ಡ ಸೇತುವೆ ದಾಟುವಾಗ ಗುಡಿ ಇದ್ದ ದಿಕ್ಕಿಗೆ ಒಂದು ಚಿಟಿಕೆ ಭಂಡಾರ, ಒಂದು ನಾಣ್ಯ ಎಸೆದು ಕೈಮುಗಿಯಬೇಕು. ಸೇತುವೆಯ ನಡುವಿನಿಂದ ಎಸೆದರೆ ಅರಿಶಿನ ಗಾಳಿಗೆ ತಿರುಗಿ ಕಣ್ಣಿಗೆ ಬೀಳುತ್ತದೆ, ನಾಣ್ಯ ಕಾಂಕ್ರೀಟಿನ ಮೇಲೇ ಉರುಳುತ್ತದೆ. ಹಾಗಾಗಿ ಗಾಡಿಯವರು ಪೂರ್ತಿ ಅಂಚಿಗೆ ಸರಿದು, ನಿಂತಿತೋ ನಡೆದಿತೋ ಎನ್ನುವಷ್ಟು ನಿಧಾನ ಮಾಡುತ್ತಾರೆ. ಹಿಂದೆ ಕುಳಿತ ಹೆಂಗಸು ಅರ್ಧ ಎದ್ದು, ಬಾಗಿ ಎಸೆಯುತ್ತಾಳೆ. ಇಳಿದು ನಿಂತು ಎಸೆಯುವುದು ಮುದುಕರ ಕೆಲಸ ಎಂದು ಪ್ರಾಯದವರ ತಿಳುವಳಿಕೆ. ಎಂಥ ತಿಳುವಳಿಕೆಯೋ!

ಎರಡು ಸಾವಿರದ ಎಂಟರ ಪಂಚಮಿಗೆ ಮೂವರೂ ಆ ಊರಿಗೆ ಹೊರಟಿದ್ದರು. ಏಳು ವರ್ಷದ ಮಗಳು ಭಾಗ್ಯಾ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಮಾಲಾ ಹಿಂದೆ. ಮಳೆಗಾಲದಲ್ಲಿ ಹೊಳೆಯ ಕಸಕಡ್ಡಿ ಸಿಕ್ಕಿಕೊಳ್ಳದಿರಲೆಂದು ಸೇತುವೆಯ ಅಂಚಿನ ತಡೆ ಪೈಪುಗಳನ್ನು ಬಿಚ್ಚಿಟ್ಟಿರುತ್ತಾರೆ, ಅದು ಎಲ್ಲರಿಗೂ ಗೊತ್ತು. ಯಲ್ಲಾಲಿಂಗ ರೂಢಿಯಂತೆ ಅಂಚಿಗೆ ಸರಿದ, ರೂಢಿಯಂತೆ ನಿಧಾನ ಮಾಡಿದ. ಮಾಲಾ ರೂಢಿಯಂತೆ ಎದ್ದಳು. ಗಾಡಿ ಎಡಕ್ಕೆ ವಾಲಿತು.

"ಎಡಗಾಲ ಊರಿದೆ ಅಕ್ಕಾರ," ಎಂದು ಅವನು ನನಗೆ ಹೇಳಿದ್ದು ಒಂದೇ ಸಲ. "ಕಾಲಿಗೆ ನೆಲಾನ ಹತ್ತಲಿಲ್ಲ."

ಅಂಚಿನ ಆಚೆ ನೆಲವೆಲ್ಲಿರಬೇಕು? ಅವನು ಮಗಳನ್ನು ಅವಚಿಕೊಂಡು ಬಲಕ್ಕೆ ಬಿದ್ದ. ಗಾಡಿಯೂ ಮಾಲಾಳೂ ಹೊಳೆಗೆ ಹೋದರು. ಅವಳು ಸಿಕ್ಕಿದ್ದು ಮರುದಿನ, ಕೆಳಗಿನ ಜಾಲಿಕಂಟಿಯಲ್ಲಿ.

ಮಣ್ಣು ಮಾಡಿ ಬಂದ ದಿನವೇ ಮಾಲಾಳ ತಾಯಿ ಸಿದ್ದಕ್ಕ ಮೊಮ್ಮಗಳನ್ನು ತನ್ನ ಕಡೆ ಎಳೆದುಕೊಂಡಳು. ಆ ಕೂಸಿನ ಗತಿ ನೋಡುವಂತಿರಲಿಲ್ಲ. ಎಲ್ಲೋ ದೂರದಲ್ಲಿ ಗಾಡಿಯ ಸದ್ದು ಕೇಳಿದರೂ ಚಿಟ್ಟನೆ ಚೀರಿ ಕಾಳಿನ ಕಣಜದ ಹಿಂದೆ ಅಡಗುತ್ತಿತ್ತು. ಸಿದ್ದಕ್ಕ ಅಳಿಯನಿಗೆ ಮುಖದ ಮೇಲೆ ಹೇಳಿದಳು:

"ಈ ಕೂಸು ತಾನಾಗಿ ಬಂದು ಗಾಡಿ ಮ್ಯಾಲ ನಿನ್ನ ಹಿಂದ ಕುಂತ ದಿನ ಕರಕೊಂಡ ಹೋಗು. ಅಲ್ಲೀ ತನಕಾ ನನ್ನ ಮಗಳ ಮಗಳು ನನ್ನ ಕಡೇನ ಇರತಾಳ."

ಮಾಲಾಳ ತಮ್ಮ ಪರಮೇಶ ಪಕ್ಕದಲ್ಲೇ ನಿಂತಿದ್ದ, ಅವನೂ ಅಡ್ಡ ಬರಲಿಲ್ಲ. ಯಲ್ಲಾಲಿಂಗ ಹೂಂ ಎಂದು ತಲೆಯಾಡಿಸಿ ಬಂದುಬಿಟ್ಟ. ಅಂದಿನಿಂದ ಅವನ ಬದುಕಿನಲ್ಲಿ ಉಳಿದದ್ದು ಇದೊಂದೇ: ಭಾಗ್ಯಾ ತನ್ನ ಹಿಂದೆ ಕುಳಿತು ಮನೆಗೆ ಬರಬೇಕು.

ನಾನು ಅವನಿಗೆ ಬುದ್ಧಿ ಹೇಳಿದೆ. "ಗಾಡಿ ಬಿಡೋ ಮಾರಾಯಾ. ನಾಳಿಂದ ನನ್ನ ಮಗ್ಗಕ್ಕ ಬಂದ ನಿಂದ್ರು. ಗಾಡೀನ ಇಲ್ಲಂದ್ರ ಸಿದ್ದಕ್ಕನ ಮಾತಿಗೆ ಬುಡಾನ ಇಲ್ಲ, ಕೂಸಿನ್ನ ಬಸ್ಸಿನ್ಯಾಗ ಕರಕೊಂಡ ಬಾ."

"ನಾ ಗಾಡಿ ಬಿಟ್ರ ಆಕಿ ಏನ ತಿಳಕೋತಾಳ್ರಿ? ಗಾಡಿ ಅಂದ್ರ ಸಾವು ಅಂತ ತಿಳಕೋತಾಳ. ಜೀವ ಇರೂತನಕ ಅಂಜತಾಳ," ಎಂದ.

ಅವನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಅನ್ನುವುದಿಲ್ಲ. ಆದರೆ ಹುರುಳಿದ್ದ ಮಾತಿನಿಂದಲೇ ಮನುಷ್ಯ ಹೆಚ್ಚು ಹಾಳಾಗುತ್ತಾನೆ ಎಂದು ನನಗೆ ಅವನನ್ನು ನೋಡಿದ ಮೇಲೆ ಅನ್ನಿಸಿದೆ.

ಮೊದಮೊದಲು ಅವನು ಮಾಡಿದ್ದು ಸರಿಯಾಗಿಯೇ ಇತ್ತು. ಪ್ರತಿ ಆದಿತ್ಯವಾರ ಗಾಡಿಯನ್ನು ಮನೆಯಲ್ಲೇ ಬಿಟ್ಟು, ಜಮಖಂಡಿಯಲ್ಲಿ ಬಸ್ಸು ಬದಲಿಸಿ ಮಗಳ ಊರಿಗೆ ಹೋಗುತ್ತಿದ್ದ. ಮೊದಲು ಕೂಸು ಹತ್ತಿರವೇ ಬರಲಿಲ್ಲ. ಆಮೇಲೆ ದೂರ ಕುಳಿತು ಅವನು ತಂದ ಚುರುಮುರಿ ತಿಂದಿತು. ದೀಪಾವಳಿ ಕಳೆಯುವ ಹೊತ್ತಿಗೆ ಅವನ ಬೆರಳು ಹಿಡಿದು ತನ್ನ ಸಾಲೆ ತೋರಿಸಲು ಕರೆದುಕೊಂಡು ಹೋಯಿತಂತೆ. ಆ ಸಂಜೆ ಬಂದವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಜೀವ ಕಂಡಿತ್ತು. "ಪಾಟಿ ಮ್ಯಾಲ ನನ್ನ ಹೆಸರ ಬರದ ತೋರಿಸಿದ್ಲು ಅಕ್ಕಾರ," ಎಂದ. ಹಾಗೇ ಬಿಟ್ಟಿದ್ದರೆ ಗಾಯ ತಾನೇ ಮಾಯುತ್ತಿತ್ತು. ಆದರೆ ಅವನ ಹಣೆಬರಹದಲ್ಲಿ ಆ ಜನವರಿ ಇಪ್ಪತ್ತಾರು ಇತ್ತಲ್ಲ.

ಅಂದು ಜಮಖಂಡಿಯ ಮೈದಾನದಲ್ಲಿ ಚಿದಾನಂದ ಎಂಬ ನಿವೃತ್ತ ಸೈನಿಕ ಮೋಟಾರ್ ಸೈಕಲ್ಲಿನ ಕಸರತ್ತು ತೋರಿಸಿದ. ಮಿಲಿಟರಿಯಲ್ಲಿ ಅದನ್ನೇ ಕಲಿತು, ಕಲಿಸಿ ಬಂದವನು. ಕಲ್ಲಿನ ಗುಡ್ಡೆ ಹತ್ತಿಸಿದ, ಕಟ್ಟಿಗೆಯ ದಿಮ್ಮಿ ದಾಟಿಸಿದ. ಕೊನೆಗೆ ಗಾಡಿಯನ್ನು ಒಂದು ಬಂಡೆಯ ತುದಿಯಲ್ಲಿ ನಿಲ್ಲಿಸಿ, ಎರಡೂ ಕಾಲು ಮೇಲೇ ಇಟ್ಟುಕೊಂಡು ಸುಮ್ಮನೆ ನಿಂತುಬಿಟ್ಟ. ಗಾಡಿ ಹಗ್ಗ ಕಟ್ಟಿದ ಎಮ್ಮೆಯ ಹಾಗೆ ನಿಂತಿತ್ತಂತೆ. ಜನ ಸಿಳ್ಳೆ ಹಾಕಿದರು. ಯಲ್ಲಾಲಿಂಗ ಮಾತ್ರ ಜನರನ್ನು ದೂಡಿಕೊಂಡು ಮುಂದೆ ಹೋಗಿ ಕೇಳಿದ:

"ಕಾಲ ಊರದ ಹಿಂಗ ಎಷ್ಟೊತ್ತ ನಿಂದ್ರಬಹುದ್ರಿ?"

"ಕಲತ್ರ ನಿನಗ ಬೇಕಾದಷ್ಟೊತ್ತ," ಎಂದ ಚಿದಾನಂದ.

ಒಂದು ಚಿಟಿಕೆ ಭಂಡಾರ ಎಸೆಯಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ತಾನು ಗಾಡಿಯನ್ನು ನಿಲ್ಲಿಸಿ ಹಿಡಿದಿದ್ದರೆ ಮಾಲಾ ಇರುತ್ತಿದ್ದಳು. ಅವನ ತಲೆಯಲ್ಲಿ ಹೊಕ್ಕದ್ದು ಇದು. ಕಾಲು ಊರದೆ ಗಾಡಿ ಹಿಡಿಯುವುದನ್ನು ಕಲಿತು, ಅದನ್ನು ಮಗಳ ಕಣ್ಣೆದುರು ಮಾಡಿ ತೋರಿಸಿದರೆ ಅವಳ ಅಂಜಿಕೆ ಹೋಗುತ್ತದೆ, ಸಿದ್ದಕ್ಕನ ಬಾಯಿ ಮುಚ್ಚುತ್ತದೆ, ಮಗಳು ಹಿಂದೆ ಕುಳಿತು ಮನೆಗೆ ಬರುತ್ತಾಳೆ. ಇಷ್ಟೇ ಅವನ ಲೆಕ್ಕ.

ಆ ಆಟಕ್ಕೆ ಟ್ರಯಲ್ಸ್ ಎನ್ನುತ್ತಾರಂತೆ. ಅದು ಓಟವಲ್ಲ. ಅಲ್ಲಿ ಜೋರು ಹೋದವನಿಗೆ ಬೆಲೆಯಿಲ್ಲ. ಕಲ್ಲು, ಕೊರಕಲು, ದಿಮ್ಮಿ ಇರುವ ದಾರಿಯನ್ನು ನಿಧಾನವಾಗಿ ದಾಟಬೇಕು, ಕಾಲು ನೆಲಕ್ಕೆ ತಾಗಿದರೆ ಒಂದು ತಪ್ಪು. ಬಿದ್ದರೆ ಐದು. ಕಡಿಮೆ ತಪ್ಪಿನವನೇ ಗೆದ್ದವನು. ಬಾಡಗಂಡಿಯ ಆಚೆ ಒಂದು ಹಾಳುಬಿದ್ದ ಕಲ್ಲಿನ ಕ್ವಾರಿ ಇದೆ, ಮುಳುಗಿದ ಊರುಗಳಿಗೆ ಹೊಸ ಮನೆ ಕಟ್ಟುವಾಗ ಕಲ್ಲು ಒಡೆದು ಬಿಟ್ಟದ್ದು. ಚಿದಾನಂದ ಅಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ವಾರವೆಲ್ಲ ಅವನಿಗೆ ಕಾರ್ಖಾನೆಯೊಂದರ ಕಾವಲು ಕೆಲಸ, ಬಿಡುವು ಆದಿತ್ಯವಾರ ಮಾತ್ರ. ಯಲ್ಲಾಲಿಂಗನ ಆದಿತ್ಯವಾರಗಳು ಅಲ್ಲಿಗೆ ಹೋದವು.

ಹೊಳೆಯಿಂದ ಎತ್ತಿ ತಂದ ಗಾಡಿ ಅವನ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ದುಡಿಯಲು ಅವನ ಹತ್ತಿರ ಬೇರೆ ಗಾಡಿ ಇತ್ತು. ಈ ಹಳೆಯದನ್ನು ಮೆಕ್ಯಾನಿಕ್ ಗಿರಮಲ್ಲಪ್ಪನ ಕಡೆ ಒಯ್ದು ಜೀವ ತುಂಬಿಸಿದ. ಟ್ರಯಲ್ಸ್ ಗಾಡಿಯಲ್ಲಿ ಯಾರೂ ಕೂರುವುದಿಲ್ಲ, ನಿಂತೇ ನಡೆಸಬೇಕು ಎಂದು ಸೀಟು ತೆಗೆಸಿದ. ನನ್ನ ಬಾಗಿಲ ಮುಂದೆ ತಂದು ನಿಲ್ಲಿಸಿದಾಗ ನಾನು ಹೊಸ್ತಿಲಲ್ಲೇ ನಿಂತು ಕೇಳಿದೆ:

"ಹೆಂಡ್ತೀನ ನುಂಗಿದ ಗಾಡಿ ಇದು. ಇದನ್ನ ಯಾಕ ಎಬ್ಬಿಸಿದ್ಯೋ?"

"ಇದ ಗಾಡಿ ನನ್ನ ಮಾತ ಕೇಳಬೇಕರಿ," ಎಂದ.

ಕಲಿಯುವ ಹುಡುಗರೆಲ್ಲ ಇಪ್ಪತ್ತರ ಆಸುಪಾಸಿನವರು. ಇವನನ್ನು ಕಾಕಾ ಎಂದು ಕರೆದು, ಹಿಂದಿನಿಂದ ನಗುತ್ತಿದ್ದರಂತೆ. ಅವರು ಬಿದ್ದರೆ ಮೈ ಕೊಡವಿ ಏಳುತ್ತಿದ್ದರು, ಇವನು ಬಿದ್ದರೆ ವಾರಗಟ್ಟಲೆ ಕುಂಟುತ್ತಿದ್ದ. ಮೊಣಕಾಲು ಕಿತ್ತುಹೋಯಿತು, ಕಾಲಿನ ಉಗುರು ಉದುರಿತು, ಒಂದು ಸಲ ಹೆಗಲಿನ ಎಲುಬು ಮುರಿದು ಕೈ ಕುತ್ತಿಗೆಗೆ ಕಟ್ಟಿಕೊಂಡು ಬಂದ. ಬಿದ್ದು ತಿಂದ ಪೆಟ್ಟಿಗಿಂತ ಅವನನ್ನು ಹೆಚ್ಚು ಹಣಿದದ್ದು ಅವನದೇ ಎಡಗಾಲು. ಗಾಡಿ ಕೊಂಚ ವಾಲಿದರೆ ಸಾಕು, ಕೇಳದೆ ಕೆಳಗಿಳಿಯುತ್ತಿತ್ತು. ಇಷ್ಟು ವರ್ಷ ಗಾಡಿ ಹೊಡೆದ ಕಾಲು, ಹೇಗೆ ಸುಮ್ಮನಿದ್ದೀತು? ಅದನ್ನು ಸುಮ್ಮನಿರಿಸಲು ಅವನಿಗೆ ವರ್ಷಗಳೇ ಹಿಡಿದವು.

ಕರೆಂಟು ಹೋದಾಗ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತವೆ. ನೇಕಾರರು ಬೆವರು ಒರೆಸಿಕೊಳ್ಳುತ್ತ ಕಟ್ಟೆಗೆ ಬಂದು ಕೂರುತ್ತಾರೆ. ಆ ಹೊತ್ತಿಗೆ ಯಲ್ಲಾಲಿಂಗ ಇಟ್ಟಿಗೆಯ ಮೇಲೆ ಹಲಗೆ ಹಾಕಿ, ಅದರ ಮೇಲೆ ಗಾಡಿ ನಿಲ್ಲಿಸಲು ಹೆಣಗುತ್ತಿದ್ದ. "ಮುಂದೂ ಹೋಗವಲ್ಲ, ಹಿಂದೂ ಬರವಲ್ಲ, ಯಲ್ಲ್ಯಾ ಎಲ್ಲಿಗಿ ಹೊಂಟಾನೋ!" ಎಂದು ಕಟ್ಟೆಯಿಂದ ನೇಕಾರ ಚನಮಲ್ಲಪ್ಪ ಕೂಗುತ್ತಿದ್ದ. ಎಲ್ಲರೂ ಹೋ ಎನ್ನುತ್ತಿದ್ದರು. ಯಲ್ಲಾಲಿಂಗ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನು ಎಲ್ಲಿಗೆ ಹೊರಟಿದ್ದಾನೆಂದು ನನಗೊಬ್ಬಳಿಗೆ ಗೊತ್ತಿತ್ತು, ಅದಕ್ಕೇ ನಾನು ನಗಲಿಲ್ಲ.

ಆದರೆ ಮಗಳ ಊರಿಗೆ ಹೋಗುವುದು ತಿಂಗಳಿಗೊಮ್ಮೆ ಆಯಿತು. ಆಮೇಲೆ ಹಬ್ಬಕ್ಕೊಮ್ಮೆ. ಕ್ವಾರಿಯಿಂದ ಆ ಊರೇನು ದೂರವಲ್ಲ, ಸಂಜೆಗೆ ಹೋಗಿ ಮುಖ ತೋರಿಸಿ ಬರಬಹುದಿತ್ತು. ನಾನು ಅದನ್ನೇ ಕೇಳಿದರೆ ಚಡ್ಡಿಯ ಕೆಳಗಿನ ಗಾಯ ತೋರಿಸಿದ.

"ಈ ಅವತಾರದಾಗ ಹೋದ್ರ ಕೂಸು ಮತ್ತ ಅಂಜತೈತ್ರಿ. ಇನ್ನೊಂದ ಸ್ವಲ್ಪ ದಿನ. ಪೂರಾ ಕಲತ ಮ್ಯಾಲ ಹೋಗಿ ಕರಕೊಂಡ ಬರತೇನಿ."

ಆ ಇನ್ನೊಂದು ಸ್ವಲ್ಪ ದಿನ ಮುಗಿಯಲೇ ಇಲ್ಲ. ಒಂದು ಚಳಿಗಾಲ ಭಾಗ್ಯಾಳ ಸಾಲೆಯಲ್ಲಿ ಗ್ಯಾದರಿಂಗ್, ಅಂದರೆ ವರ್ಷದ ಸಮಾರಂಭ, ಇತ್ತು. ಅವಳು ಕುಣಿಯುತ್ತಾಳೆ, ಅಪ್ಪ ಬರಬೇಕು ಎಂದು ಪರಮೇಶ ಫೋನ್ ಮಾಡಿದ. ಇವನು ಹೂಂ ಎಂದ. ಆ ಬೆಳಗ್ಗೆಯೇ ಚಿದಾನಂದ ಹೊಸ ಬಂಡೆ ಹತ್ತಿಸುವುದನ್ನು ಕಲಿಸುತ್ತೇನೆ ಎಂದನಂತೆ, ಇವನು ಕ್ವಾರಿಗೆ ಹೋದ. ಹೆಗಲಿನ ಎಲುಬು ಮುರಿದದ್ದು ಆ ದಿನವೇ. ನಾನು ಬಾಯಿಗೆ ಬಂದ ಹಾಗೆ ಬೈದೆ. ಆಸ್ಪತ್ರೆಯಿಂದ ಬಂದು ಗೋಡೆಗೆ ಒರಗಿ ಕುಳಿತವನು ಎಲ್ಲ ಕೇಳಿಸಿಕೊಂಡು, "ಗಾಡಿ ಬಂಡೆ ಹತ್ತಿತ್ತರಿ, ಇಳಿಯೂ ಮುಂದ ಬಿದ್ದೆ," ಎಂದ. ಅಂಥವನಿಗೆ ಏನು ಹೇಳುತ್ತೀರಿ?

ಫೋನಿನಲ್ಲಿ ಮಾತಾಡುತ್ತಿದ್ದ, ಇಲ್ಲವೆಂದಲ್ಲ. ಆರಾಮ ಇದ್ದೀ? ಆರಾಮ. ಊಟ ಆತು? ಆತು. ಅಷ್ಟರಲ್ಲಿ ಮುಗಿಯುತ್ತಿತ್ತು. ಗಾಡಿಯ ಮಾತು ತೆಗೆಯಲು ಇವನಿಗೆ ಎದೆ ಇರಲಿಲ್ಲ. ಅದನ್ನು ಮಾಡಿಯೇ ತೋರಿಸಬೇಕು, ಬಾಯಿಂದ ಹೇಳಬಾರದು ಎಂದು ಹಟ ಬೇರೆ.

ಎರಡು ಸಾವಿರದ ಹನ್ನೆರಡರ ಸಂಕ್ರಮಣ ಕಳೆದ ಮೇಲೆ ಚಿದಾನಂದ ಕ್ವಾರಿಯಲ್ಲಿ ಒಂದು ಸ್ಪರ್ಧೆ ಇಟ್ಟ. ಬೆಳಗಾವಿ, ಕೊಲ್ಹಾಪುರದ ಕಡೆಯ ಹುಡುಗರೂ ಬರುವವರಿದ್ದರು. ಯಲ್ಲಾಲಿಂಗ ಸಿದ್ದಕ್ಕನಿಗೆ ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಬರಲೇಬೇಕೆಂದು ಗೋಗರೆದ. ನನ್ನನ್ನೂ ಕರೆದ. "ನೀವು ಒಬ್ಬರು ಇರ್ರಿ ಅಕ್ಕಾರ. ಅವತ್ತ ಆಕಿ ನನ್ನ ಹಿಂದ ಕುಂಡ್ರತಾಳ," ಎಂದ. ಭಾಗ್ಯಾಳಿಗಾಗಿ ತನ್ನ ದುಡಿಯುವ ಗಾಡಿಗೆ ಹೊಸ ಸೀಟು ಹಾಕಿಸಿ, ತೊಳೆದು, ಕ್ವಾರಿಯ ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದ್ದ. ಅದರ ಪಕ್ಕದಲ್ಲಿ ಒಂದು ಸಣ್ಣ ಹೆಲ್ಮೆಟ್ ತೂಗುತ್ತಿತ್ತು.

ಸಿದ್ದಕ್ಕ ಮೊಮ್ಮಗಳ ಕೈ ಹಿಡಿದು ಬಂದಳು. ಎರಡು ಜಡೆ, ಕೆಂಪು ರಿಬ್ಬನ್, ಉದ್ದ ಕಾಲುಗಳು. ಯಲ್ಲಾಲಿಂಗ ಅವಳನ್ನು ಅಡಿಯಿಂದ ಮುಡಿತನಕ ನೋಡಿದ. "ಎಷ್ಟ ಎತ್ತರ ಆಗ್ಯಾಳ್ರಿ," ಎಂದು ನನಗೆ ಹೇಳಿದ, ಅವಳಿಗಲ್ಲ. ಅವಳ ಕೈಗೆ ಬಾಳೆಹಣ್ಣಿನ ಚೀಲ ಕೊಟ್ಟು, "ನೋಡಕೋತ ಇರು ಹಾಂ," ಎಂದು ಹೋದ.

ಅವನ ಸರದಿ ಬಂತು. ಕಾಕಾ ಎಂದು ನಗುತ್ತಿದ್ದ ಹುಡುಗರೂ ಆ ದಿನ ಹತ್ತಿರ ಬಂದು ನಿಂತರು. ದಿಮ್ಮಿ ದಾಟಿದ, ಕೊರಕಲು ದಾಟಿದ, ಆಳೆತ್ತರದ ಬಂಡೆಯನ್ನು ಏರಿ ಇಳಿದ. ಎರಡೂ ಕಾಲು ಅಂಟಿಸಿದ ಹಾಗೆ ಮೇಲೇ ಇದ್ದವು. ಕೊನೆಯ ದಾರಿ ನೀರು ತುಂಬಿದ ಗುಂಡಿಯ ಪಕ್ಕದ ಸಣ್ಣ ಅಂಚು. ಎಡಗಡೆ ಏನೂ ಇಲ್ಲ, ಕೆಳಗೆ ನೀರು. ಆ ಅಂಚಿನ ನಡುವೆ ಅವನು ನಿಂತುಬಿಟ್ಟ. ಅಲ್ಲಿ ನಿಲ್ಲುವ ಜರೂರು ಇರಲಿಲ್ಲ, ನಿಂತರೆ ತಪ್ಪು ಬೀಳುತ್ತದೆ ಎಂದು ಚಿದಾನಂದ ಕೂಗಿದ. ಯಲ್ಲಾಲಿಂಗ ಅಲುಗಾಡಲಿಲ್ಲ. ಹಿಂದೆ ಒಬ್ಬಳು ಎದ್ದು, ಬಾಗಿ, ಎಸೆದು, ಕೈಮುಗಿದು ಮತ್ತೆ ಕುಳಿತುಕೊಳ್ಳುವಷ್ಟು ಹೊತ್ತು ನಿಂತ. ಆಮೇಲೆ ಮುಂದೆ ಬಂದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಸಿದ್ದಕ್ಕನೂ ಅತ್ತಳು. ಅವಳಿಗೂ ತಿಳಿಯಿತು.

ಹೆಲ್ಮೆಟ್ ತೆಗೆದು, ಬೆವರು ಸುರಿಸುತ್ತ ಅವನು ನೇರ ನಮ್ಮ ಕಡೆ ಬಂದ. ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ.

"ನೋಡಿದಿ? ಒಮ್ಮೆನೂ ಕಾಲ ಊರಲಿಲ್ಲ. ಇನ್ನ ನೀ ಅಂಜೂ ಕಾರಣ ಇಲ್ಲವ್ವಾ. ಬಾ, ನನ್ನ ಗಾಡಿ ಮ್ಯಾಲ ಕುಂಡ್ರು. ಮನಿಗಿ ಹೋಗೂಣು."

ಭಾಗ್ಯಾ ಅಜ್ಜಿಯ ಮುಖ ನೋಡಿದಳು. ಸಿದ್ದಕ್ಕ ಕಣ್ಣು ಒರೆಸಿಕೊಂಡು, "ನನ್ನ ಮಾರಿ ಏನ ನೋಡತಿ? ನೀನ ಹೇಳು," ಎಂದಳು.

"ನಾ ಈಗ ಅಂಜಂಗಿಲ್ಲ ಅಪ್ಪಾ," ಎಂದಳು ಹುಡುಗಿ. "ನಾನು ಗಾಡಿ ಮ್ಯಾಲ ಕುಂಡ್ರಾಕ ಹತ್ತಿ ಭಾಳ ದಿನ ಆತು. ಮಾಮಾ ದಿನಾ ಸಾಲಿಗಿ ಬಿಡತಾನ. ಗ್ಯಾದರಿಂಗಿಗೂ ಗಾಡಿ ಮ್ಯಾಲನ ಹೋಗಿದ್ದೆ."

ಯಲ್ಲಾಲಿಂಗ ಕೈಯಲ್ಲಿದ್ದ ಹೆಲ್ಮೆಟ್ಟನ್ನು ನೆಲಕ್ಕಿಟ್ಟ. ಆಮೇಲೆ ಕೇಳಿದ:

"ನನಗ ಯಾಕ ಹೇಳಲಿಲ್ಲ?"

"ನೀ ಬಂದಿದ್ರ ಹೇಳತಿದ್ದೆ."

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ಸಹಿಸುತ್ತಿದ್ದೆ. ಸಿಟ್ಟೇ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ ಹಾಗೆ ಹೇಳಿದಳು. ಸಿದ್ದಕ್ಕ ನೆಲ ನೋಡುತ್ತ, "ಪ್ರತಿ ಐತವಾರ ಬಾಗಲ್ದಾಗ ಕುಂದರತಿತ್ತೋ ಯಪ್ಪಾ. ಆಮ್ಯಾಲ ಅದೂ ಬಿಟ್ಟ ಬಿಟ್ಟಿತು," ಎಂದಳು. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

"ಈಗರ ಮನಿಗಿ ಬರತಿ ಇಲ್ಲೋ?" ಎಂದ ಯಲ್ಲಾಲಿಂಗ.

"ಸೂಟಿ ಬಿಟ್ಟ ಮ್ಯಾಲ ನೋಡೂಣು," ಎಂದಳು ಭಾಗ್ಯಾ. ಊಟಕ್ಕೆ ಕರೆದ ಬೀಗರಿಗೆ ನಾವು ಹೇಳುತ್ತೇವಲ್ಲ, ಹಾಗೆ.

ಅಷ್ಟರಲ್ಲಿ ಪರಮೇಶ ಅವರನ್ನು ಕರೆದೊಯ್ಯಲು ಬಂದ. ಅವನ ಗಾಡಿಯ ಸದ್ದು ಕೇಳಿದ್ದೇ ಭಾಗ್ಯಾ ಬಾಳೆಹಣ್ಣಿನ ಚೀಲ ಹಿಡಿದು ಓಡಿದಳು. ಅವನು ಗಾಡಿಯನ್ನು ಪೂರ್ತಿ ನಿಲ್ಲಿಸುವ ಮೊದಲೇ ಹೆಗಲು ಹಿಡಿದು ಹತ್ತಿ ಕುಳಿತಳು. ಅಜ್ಜಿ ಅವಳ ಹಿಂದೆ ಏರಿದಳು. ಪರಮೇಶ ಗಾಡಿ ತಿರುಗಿಸಲು ಎಡಗಾಲು ನೆಲಕ್ಕೆ ಊರಿ, ಒಂದು ಸಲ ದೂಡಿಕೊಂಡ. ಭಾಗ್ಯಾ ಅವನ ಬೆನ್ನಿಗೆ ಗಲ್ಲ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು.